ಬೇಗ ಮುಗಿದ ಕಾಪಿ

17 ಫೆಬ್ರವರಿ 2013, ಭಾನುವಾರ. ಕೋಟೇಶ್ವರ

ನನ್ನ ನೆಟ್‌ವರ್ಕ್ ಡ್ರೈವಿಗೆ ಫೈಲ್ ಹೋಗುವುದು ಯಾಕಿಷ್ಟು ನಿಧಾನ ಎಂದು ಕೊನೆಗೂ ಇವತ್ತು ಬೆಳಿಗ್ಗೆ ಗೊತ್ತಾಯಿತು. ರೂಟರಿನಿಂದ ಬರುವ ಕೇಬಲ್ ಬಾಗಿಲ ಸಂದಿಗೆ ಸಿಕ್ಕಿ ಜಜ್ಜಿಹೋಗಿತ್ತು. ಹೊಸದು ಹಾಕಿದೆ.

ಪ್ರತಿ ವಾರದಂತೆ ಸಂಜೆ ರತ್ನಾಕರ ತಾನು ತೆಗೆದ ಮದುವೆ ವಿಡಿಯೋ ನನ್ನ ಆ ಡ್ರೈವಿನಲ್ಲಿ ಕಾಪಿ ಮಾಡಿಡಲು ಬಂದ. ಇಷ್ಟು ದಿನ ಕಾಪಿ ಆಗುವವರೆಗೆ ಕೂತು ಊರ ಸುದ್ದಿಯೆಲ್ಲ ಹೇಳುತ್ತಿದ್ದ. ಎಷ್ಟೋ ಸಲ ಊಟವೂ ಇಲ್ಲೇ. ಈ ಮನೆಯಲ್ಲಿ ಇನ್ನೊಂದು ದನಿ ಕೇಳುವುದು ಆಗ ಮಾತ್ರ. ಇವತ್ತು ಚಾ ಕುದಿಯುವ ಮೊದಲೇ ಕಾಪಿ ಮುಗಿಯಿತು.

“ಹ್ವಾಯ್, ಇಷ್ಟ್ ಬೇಗ ಆಯ್ತಾ! ಹಂಗಾರೆ ನಾ ಬತ್ತೆ,” ಎಂದು ಬೈಕ್ ಹತ್ತಿದ.

ಎರಡು ಲೋಟ ಚಾವನ್ನೂ ನಾನೇ ಕುಡಿದೆ. ದರಿದ್ರದ ಹೊಸ ಕೇಬಲ್! ಹಳೆಯದನ್ನು ಕಸದ ಬುಟ್ಟಿಯಿಂದ ತೆಗೆದು, ಒರೆಸಿ, ಮತ್ತೆ ಸಿಕ್ಕಿಸಿದ್ದೇನೆ. ಮುಂದಿನ ಭಾನುವಾರಕ್ಕೆ ಬಂಗುಡೆ ಮೀನು ತರಬೇಕು, ಇಬ್ಬರಿಗಾಗುವಷ್ಟು.