ಒತ್ತಿ ಬರೆದ ವರ್ಷ

ಅಪ್ಪನಿಗೆ ಮಗಳ ನಮಸ್ಕಾರ.

ಮಂಡಿನೋವು ಹೇಗಿದೆ?

ನೀವು ಮೂವತ್ತು ವರ್ಷ ಕಾಯ್ದ, ಈಗ ನಾನು ಕೆಲಸ ಮಾಡುವ ಈ ಅನಾಥಾಲಯದ ರಿಜಿಸ್ಟರುಗಳನ್ನು ಡಿಸ್ಕಿಗೆ ಹಾಕಿಸಲು, ಮೂರು ಬಗೆಯವನ್ನು ಅಳೆದು ತೂಗಿ, ನೂರು ವರ್ಷ ಬಾಳುತ್ತವೆಂಬ ಚಿನ್ನದ ಲೇಪದ ಡಿಸ್ಕುಗಳನ್ನೇ ಆರಿಸಿದ್ದೆ. ಕಾಗದವೆಲ್ಲ ಗುಜರಿಗೆ ಹೋದ ಮೇಲೆ ಒಂದೊಂದರ ಮೇಲೂ ಬಾಲ್‌ಪೆನ್ನಿನಲ್ಲಿ ವರ್ಷ ಬರೆದೆ. “ಒತ್ತಿ ಬರಿ ಮಗಳೇ, ಕೆಳಗಿನ ಹಾಳೆಗೂ ಇಳೀಬೇಕು” ಎಂದು ಕಲಿಸಿದವರು ನೀವೇ. ಡಿಸ್ಕಿನಲ್ಲಿ ದಾಖಲೆ ಇರುವುದು ನಾವು ಬರೆಯುವ ಮೈಯ ಕೆಳಗೇ, ಕೂದಲೆಳೆಯಷ್ಟು ಆಳದಲ್ಲಂತೆ; ಪೆನ್ನು ಒತ್ತಿದರೆ ಅದೇ ಹಾಳಾಗುತ್ತದಂತೆ. ಈಗ ಒಂದು ಡಿಸ್ಕು ತೆರೆಯುತ್ತಲೇ ಇಲ್ಲ. ಅದರ ಎರಡನೇ ಪ್ರತಿಯದೂ ಅದೇ ಪಾಡು. ಅದು ನೀವು ನನ್ನನ್ನು ಇಲ್ಲಿಂದ ಮನೆಗೆ ಎತ್ತಿಕೊಂಡು ಹೋದ ವರ್ಷದ್ದು. ಅದನ್ನು ಬರೆಯುವಾಗ ಕೈ ಯಾಕೋ ಹೆಚ್ಚೇ ಬಿಗಿದಿತ್ತು.

ಗುಜರಿ ಚೀಲದಿಂದ ನೀವು ಒಂದೇ ಒಂದು ರಿಜಿಸ್ಟರ್ ಎಳೆದುಕೊಂಡಿರಿ. “ಕಸಾನೆಲ್ಲ ಮನೆಗೆ ಹೊರ್ತೀರಾ?” ಎಂದು ಎಲ್ಲರೆದುರು ರೇಗಿದ್ದೆ. ಅದು ಬೀರುವಿನಲ್ಲೇ ಇದೆಯಲ್ಲವೇ? ಯಾವ ವರ್ಷದ್ದೆಂದು ಆಗ ಕೇಳಲಿಲ್ಲ. ಈಗ ಕೇಳಬೇಕಾಗಿಯೂ ಇಲ್ಲ.

ತೇವ ತಾಗದ ಹಾಗೆ ಸುತ್ತಿ, ಶನಿವಾರದೊಳಗೆ ನೀವೇ ತನ್ನಿ. ಅದರಲ್ಲಿ ನಲವತ್ತೊಂದು ಮಕ್ಕಳಿದ್ದಾರೆ. ಅವರಲ್ಲೊಬ್ಬ ಸೋಮವಾರ ತಾಯಿಯ ಹೆಸರು ಕೇಳಿಕೊಂಡು ಬರುತ್ತಾನೆ.

ಈ ಸಲ ಸ್ಕ್ಯಾನ್ ನಾನೇ ಮಾಡುತ್ತೇನೆ. ನನ್ನ ಪುಟ ಬಂದಾಗ ಮಾತ್ರ ನೀವು ತಿರುಗಿಸಿ. ನಾನು ಕಿಟಕಿಯ ಕಡೆ ನೋಡುತ್ತಿರುತ್ತೇನೆ.

ಅಲ್ಲಿ ಏನೇ ಬರೆದಿರಲಿ,
ನಿಮ್ಮ ಮಗಳು