ಮೊದಲ ಸೊಪ್ಪು

ಬೈರಾಪಟ್ಟಣ
ಭಾನುವಾರ, 14 ಜುಲೈ 2024

ಪ್ರೀತಿಯ ಅತ್ತೆಯವರಿಗೆ ನಿಮ್ಮ ಸೊಸೆ ಭಾನುಪ್ರಿಯ ಮಾಡುವ ನಮಸ್ಕಾರಗಳು.

ಮಂಡಿ ನೋವು ಈಗ ಹೇಗಿದೆ? ಕುದೂರಿನಲ್ಲಿ ರಮ್ಯಾಳ ಮನೆ ಮೆಟ್ಟಿಲು ಎತ್ತರ ಎಂದು ಅವಳ ಮದುವೆಯ ವರ್ಷವೇ ನೀವು ಬೈದುಕೊಂಡಿದ್ದಿರಿ. ಈಗ ಐದು ವಾರದಿಂದ ದಿನಾ ಅದನ್ನೇ ಹತ್ತಿ ಇಳಿಯುತ್ತಿದ್ದೀರಿ. ಎಣ್ಣೆ ಹಚ್ಚಿಕೊಳ್ಳುತ್ತಿದ್ದೀರಾ? ಬಿಸಿನೀರು ಕೇಳಲು ಸಂಕೋಚಪಡಬೇಡಿ, ಅದು ನಿಮ್ಮ ಮಗಳ ಮನೆಯೇ. ಮುದ್ದೆ ನಿಮ್ಮ ಹದಕ್ಕೆ ಬರುತ್ತದೆಯೇ? ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ರಮ್ಯಾ ಫೋನನ್ನು ಸ್ಪೀಕರಿಗೆ ಹಾಕಿ ನಡುಮನೆಯಲ್ಲಿ ಇಡುತ್ತಾಳೆ, ಮನೆಮಂದಿಯೆಲ್ಲ ಕೇಳಿಸಿಕೊಳ್ಳುತ್ತಾರೆ, ನೀವು "ಉಂಡ್ರಾ? ಹಸ ಮೇಯ್ತಾ?" ಎಂದು ಎರಡು ಮಾತು ಕೇಳಿ ಇಟ್ಟುಬಿಡುತ್ತೀರಿ. ಅದಕ್ಕೇ ಈ ಕಾಗದ. ಪೇಪರನ್ನು ಬೆರಳಿಟ್ಟು ಓದುತ್ತೀರಲ್ಲ, ಇದನ್ನೂ ಹಾಗೇ ಓದಿ. ಅಕ್ಷರ ದಪ್ಪಗೆ ಬರೆಯುತ್ತಿದ್ದೇನೆ. ದಯವಿಟ್ಟು ರಮ್ಯಾಳ ಕೈಗೆ ಕೊಟ್ಟು ಓದಿಸಬೇಡಿ.

ಮೊನ್ನೆ ಅವಳು ಒಂದು ಮಾತು ಹೇಳಿದಳು, ಆಗಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. "ಅವ್ವ ಹೊಗೆಸೊಪ್ಪು ಬುಟ್ಬುಟ್ಟವ್ಳೆ ಕಣತ್ತಿಗೆ, ಎಲೆಅಡಿಕೆನೂ ಮುಟ್ಟಾಕಿಲ್ಲ" ಎಂದು ಖುಷಿಯಿಂದಲೇ ಹೇಳಿದಳು. ನಾನೂ "ಒಳ್ಳೇದಾಯ್ತು" ಅಂದೆ. ನಲವತ್ತು ವರ್ಷದ ಅಭ್ಯಾಸವನ್ನು ಯಾವ ಡಾಕ್ಟರೂ ಬಿಡಿಸಲಾಗಿರಲಿಲ್ಲ. ನೀವು ಯಾಕೆ ಬಿಟ್ಟಿರಿ ಎಂದು ನನಗೆ ಗೊತ್ತು. ಗೊತ್ತಿರುವವಳು ನಾನೊಬ್ಬಳೇ ಎನ್ನುವುದೇ ಈ ಕಾಗದದ ವಿಷಯ. ಆದರೆ ಒಂದೇ ಉಸಿರಿಗೆ ಹೇಳಲು ಧೈರ್ಯ ಸಾಲದು, ಊರಿನ ಸುದ್ದಿ ಮೊದಲು ಹೇಳಿಬಿಡುತ್ತೇನೆ.

ಸುದ್ದಿ ಏನೆಂದರೆ, ಮಂಗಳವಾರ ಬೆಳಿಗ್ಗೆ ನಮಗೆ ಹೊಸ ರೇಷ್ಮೆ ಹುಳು ಬರುತ್ತದೆ. ಮರಿಹುಳು ಸಾಕಿ ಕೊಡುವ ಚಾಕಿ ಸೆಂಟರಿನ ಮುಕ್ತಿಯಾರ್ ಬಂದು ಹುಳು ಮನೆ ನೋಡಿಕೊಂಡು ಹೋದ. ನೆಲ, ಗೋಡೆ, ಅಟ್ಟಣಿಗೆ ಎಲ್ಲ ತೊಳೆದು ಔಷಧಿ ಹೊಡೆದಾಗಿದೆ, ಹುಳು ಗೂಡು ಕಟ್ಟುವ ಚಂದ್ರಿಕೆಗಳನ್ನು ಬಿಸಿಲಿಗೆ ಹಾಕಿದ್ದೇವೆ. ತೋಟದಲ್ಲಿ ಹಿಪ್ಪುನೇರಳೆ ಸೊಪ್ಪು ಸೊಂಪಾಗಿದೆ. ಮುಕ್ತಿಯಾರ್ ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಇಣುಕಿ, "ದೊಡ್ಡಮ್ಮ ಎಲ್ಲಿ? ಅವ್ರು ಮೊದ್ಲು ಸೊಪ್ಪು ಹಾಕಿದ ಮೇಲೇ ಅಲ್ವಾ ನಾನು ಟೀ ಕುಡಿಯೋದು" ಅಂದ. ಪ್ರತಿ ಬೆಳೆಗೂ ಹುಳು ಇಳಿಸಿದ ಮೇಲೆ ಮೊದಲ ಹಿಡಿ ಸೊಪ್ಪು ಮನೆಯ ಹಿರಿಯ ಹೆಂಗಸಿನ ಕೈಯಿಂದಲೇ ಬೀಳಬೇಕು, ಅದು ನಿಮ್ಮ ಅತ್ತೆಯಿಂದ ನಿಮಗೆ ಬಂದ ಪದ್ಧತಿ ಎಂದು ಅವನಿಗೂ ಗೊತ್ತು. ನಿಮ್ಮ ಮಗ ನೆಲ ನೋಡಿಕೊಂಡು "ಕುದೂರ್ಗೆ ಹೋಗವ್ಳೆ" ಅಂದರು. ಅವನು ಹೋದ ಮೇಲೆ ನನ್ನ ಹತ್ತಿರ ಬಂದು, "ಈ ಸಲ ಮೊದ್ಲು ಸೊಪ್ಪ ನೀನೇ ಹಾಕಮ್ಮಿ. ಅವ್ವುನ್ ಕೈ ಬ್ಯಾಡ" ಅಂದರು. ಕೋಪದಿಂದ ಹೇಳಲಿಲ್ಲ, ತೀರ್ಮಾನ ಮಾಡಿಕೊಂಡವರ ಹಾಗೆ ಹೇಳಿದರು. ನಾನು ತಲೆಯಾಡಿಸಿದೆ. ಆ ತಲೆಯಾಡಿಸಿದ್ದಕ್ಕೆ ನನ್ನ ಮೇಲೆ ನನಗೇ ಅಸಹ್ಯವಾಗಿದೆ. ಮಂಗಳವಾರ ನಾನು ಆ ಸೊಪ್ಪು ಹಾಕಿಬಿಟ್ಟರೆ ನಿಮ್ಮ ಕೈ ಕೆಟ್ಟದ್ದು ಎಂದು ಈ ಮನೆಯಲ್ಲಿ ಖಾಯಂ ಆಗುತ್ತದೆ.

ಇನ್ನು ನನ್ನ ಬ್ಲಾಗಿನ ಕಥೆ. ಮಾರ್ಚಿನಲ್ಲಿ ರಾಮನಗರಕ್ಕೆ ಐದು ದಿನ ರೇಷ್ಮೆ ತರಬೇತಿಗೆ ಹೋಗಿದ್ದೆನಲ್ಲ, ಅಲ್ಲಿನ ಮೇಡಂ ಶುರು ಮಾಡಿಸಿದ್ದು. ನಾನು ಊಟದ ಹೊತ್ತಿನಲ್ಲಿ ನಿಮ್ಮ ವಿಷಯ ಹೇಳುತ್ತಿದ್ದೆ: ಅತ್ತೆ ಹುಳು ಮನೆಯ ಬಾಗಿಲಲ್ಲಿ ನಿಂತು ಕಣ್ಣು ಮುಚ್ಚಿಕೊಂಡು ಮೇಯುವ ಸದ್ದು ಕೇಳಿಯೇ ಸೊಪ್ಪು ಸಾಕೋ ಸಾಲದೋ ಹೇಳುತ್ತಾರೆ, ಹುಳು ಪೊರೆ ಬಿಡಲು ಮೇವು ನಿಲ್ಲಿಸಿ ಕೂತಾಗ ನಾವು ಜ್ವರಕ್ಕೆ ಕೂತಿದೆ ಅನ್ನುತ್ತೇವೆ, ಆಗ ಅತ್ತೆ ನಮ್ಮನ್ನೂ ಜೋರಾಗಿ ಮಾತಾಡಲು ಬಿಡುವುದಿಲ್ಲ, ಹೀಗೆ. ಮೇಡಂ ಊಟ ಬಿಟ್ಟು ಕೇಳಿದರು. "ಇಲಾಖೆಯವರು ಬರೆದದ್ದು ಬೇಕಾದಷ್ಟಿದೆ, ಹುಳು ಸಾಕೋ ಹೆಂಗಸರು ಬರೆದದ್ದು ಎಲ್ಲಿದೆ? ಬಿ.ಎ. ಓದಿದ್ದೀರಿ, ನೀವು ಬರೀರಿ" ಎಂದು ಅಲ್ಲೇ ನನ್ನ ಫೋನಿನಲ್ಲಿ ಒಂದು ಪುಟ ತೆರೆದು ಕೊಟ್ಟರು. ಬ್ಲಾಗ್ ಅಂದರೆ ಗೋಡೆಗೆ ಅಂಟಿಸಿದ ಕಾಗದ ಇದ್ದ ಹಾಗೆ ಅತ್ತೆ, ಯಾರು ಬೇಕಾದರೂ ಓದಬಹುದು. ಅದಕ್ಕೆ "ಹುಳು ಮನೆ" ಎಂದು ಹೆಸರಿಟ್ಟೆ. ನಾಲ್ಕು ತಿಂಗಳಾಯಿತು, ಇವತ್ತಿಗೂ ಅದರಲ್ಲಿ ಇರುವುದು ಆ ಹೆಸರು ಮಾತ್ರ.

ನಾನು ಬಾಯಿಬಡುಕಿ ಎಂದು ನೀವೇ ಹೇಳುತ್ತೀರಿ. ಮಾತಿಗೆ ಕೂತರೆ ಕಸ ಗುಡಿಸುವುದೂ ಮರೆಯುವವಳು, ಬರೆಯಲು ಕೂತರೆ ಒಂದು ಸಾಲು ಹುಟ್ಟುವುದಿಲ್ಲ. "ರೇಷ್ಮೆ ನಮ್ಮ ನಾಡಿನ ಹೆಮ್ಮೆ" ಎಂದು ಬರೆದೆ. ಶಾಲೆಯ ಪ್ರಬಂಧದ ಹಾಗೆ ಕಂಡಿತು, ಅಳಿಸಿದೆ. "ಆತ್ಮೀಯ ಓದುಗರೇ" ಎಂದೆ. ಯಾರು ಆ ಓದುಗರು, ನನಗೆ ಹೇಗೆ ಆತ್ಮೀಯರು ಅನ್ನಿಸಿ ಅದನ್ನೂ ಅಳಿಸಿದೆ. ಫೋನಿನಲ್ಲಿ ಆಗುತ್ತಿಲ್ಲವೇನೋ ಎಂದು ಚನ್ನಪಟ್ಟಣಕ್ಕೆ ಹೋದಾಗ ಗೆರೆ ಇರುವ ನೋಟುಬುಕ್ಕು ತಂದೆ. ನೋಟುಬುಕ್ಕಿಗೆ ಮೇಜು ಬೇಕು ಎಂದು ಸೊಪ್ಪಿನ ಕೋಣೆಗೆ ಹಳೆ ಮೇಜು ಸಾಗಿಸಿದೆ. ಮೇಜಿಗೆ ಬೆಳಕು ಸಾಲದು ಎಂದು ಕಿಟಕಿಯ ಕಡೆಗೆ ಎಳೆದೆ. ಬರೆಯುವುದೊಂದನ್ನು ಬಿಟ್ಟು ಎಲ್ಲ ಮಾಡಿದೆ. ನಿಮ್ಮ ಮಗ ನೋಡಿ ನೋಡಿ, "ಏನಾರ ಬರ್ದು ಬಿಸಾಕು ಅತ್ಲಾಗೆ, ಯಾರ್ ನೋಡ್ತರೆ" ಅಂದರು. ಮೇಡಂ ವಾರಕ್ಕೊಮ್ಮೆ ವಾಟ್ಸಾಪಿನಲ್ಲಿ "ಬರೆದ್ರಾ?" ಎಂದು ಕೇಳುತ್ತಾರೆ. ಮೊದಲು ಉತ್ತರ ಕೊಡುತ್ತಿದ್ದೆ, ಆಮೇಲೆ ಕೈಮುಗಿದ ಚಿತ್ರ ಕಳಿಸುತ್ತಿದ್ದೆ, ಈಗ ಅವರ ಹೆಸರು ಕಂಡರೆ ಫೋನು ಬೋರಲು ಹಾಕುತ್ತೇನೆ.

ನೋಡಿ, ಇಷ್ಟು ಬರೆಯುವಷ್ಟರಲ್ಲಿ ಮೂರು ಸಲ ಎದ್ದೆ. ಒಮ್ಮೆ ಹಸುವಿಗೆ ನೀರಿಟ್ಟೆ, ಒಮ್ಮೆ ಚಂದ್ರಿಕೆ ತಿರುಗಿಸಿ ಹಾಕಿದೆ, ಒಮ್ಮೆ ಯಾಕೆ ಎದ್ದೆ ಎಂದು ನನಗೇ ತಿಳಿಯಲಿಲ್ಲ. ಇನ್ನು ಏಳುವುದಿಲ್ಲ, ಹೇಳಿಬಿಡುತ್ತೇನೆ.

ಹೋದ ತಿಂಗಳು ಹುಳುವೆಲ್ಲ ಸತ್ತು ಆ ಬೆಳೆ ಹೋದದ್ದು ನನ್ನಿಂದ, ಅತ್ತೆ. ನಿಮ್ಮ ಕೈಯಿಂದಲ್ಲ, ನಿಮ್ಮ ಹೊಗೆಸೊಪ್ಪಿನಿಂದಲ್ಲ. ಹುಳು ನಾಲ್ಕನೇ ಜ್ವರ ಎದ್ದು ಮೂರನೇ ದಿನ, ರಾಶಿ ಸೊಪ್ಪು ಮೇಯುವ ಹೊತ್ತು. ಸಂಜೆ ಮೇವು ಹಾಕಿ ನೀವು ದೇವರ ದೀಪ ಹಚ್ಚಲು ಮನೆಗೆ ಹೋದಿರಿ. ನಾನು ಸೊಪ್ಪಿನ ಕೋಣೆಯಲ್ಲಿ ನೋಟುಬುಕ್ಕು ತೆಗೆದು ಕೂತೆ. ಅವತ್ತು ಹೇಗಾದರೂ ಒಂದು ಪುಟ ಬರೆದೇ ಏಳುವುದು ಎಂದು ಹಟ. ಹಿಂದಿನ ದಿನ ಮಳೆ ಬಿದ್ದು ಸೊಳ್ಳೆ ಮುತ್ತುತ್ತಿತ್ತು. ಒಂದು ಪದ ಬರೆಯುವುದು, ಕಾಲಿಗೆ ಹೊಡೆದುಕೊಳ್ಳುವುದು. ಮನೆಗೆ ಹೋಗಿ ಸೊಳ್ಳೆಬತ್ತಿ ತಂದು ಹಚ್ಚಿ, ತಗಡಿನ ಸ್ಟ್ಯಾಂಡಿಗೆ ಸಿಕ್ಕಿಸಿ ಕಿಟಕಿಯಲ್ಲಿಟ್ಟೆ. ಆ ಕೋಣೆಗೂ ಹುಳು ಮನೆಗೂ ನಡುವಿನ ಬಾಗಿಲು ಹಾಕಿದೆ, ಇನ್ನೇನು ಅಂದುಕೊಂಡೆ. ಆ ಬಾಗಿಲ ಮೇಲೆ ಗಾಳಿಗೆಂದು ಬರೀ ಜಾಲರಿ ಬಡಿದಿರುವುದು ತಲೆಗೇ ಹೋಗಲಿಲ್ಲ. ಹುಳು ಮನೆಯ ಹತ್ತಿರ ಊದುಬತ್ತಿ ಕೂಡ ಹಚ್ಚಬಾರದು, ಮೈಗೆ ಪೌಡರ್ ಹಾಕಿಕೊಂಡು ಒಳಗೆ ಬರಬಾರದು ಎಂದು ಹೊಸದರಲ್ಲಿ ನನಗೆ ಕಲಿಸಿದವರು ನೀವು. ಅವತ್ತು ನಾನು ಬರೆದದ್ದು ಒಂದೇ ಸಾಲು. "ರೇಷ್ಮೆ ಹುಳು ಬಲು ಸೂಕ್ಷ್ಮ ಜೀವಿ." ಎರಡನೇ ಸಾಲಿಗೆ ಹುಡುಕುತ್ತ ಒಂದು ಗಂಟೆ ಆ ಹೊಗೆಯಲ್ಲಿ ಕೂತಿದ್ದೆ. ನೀವು ಊಟಕ್ಕೆ ಕರೆದಾಗ ಹಾಗೇ ಎದ್ದು ಬಂದೆ, ಬತ್ತಿ ಉರಿಯುತ್ತಲೇ ಇತ್ತು.

ಬೆಳಿಗ್ಗೆ ನೀವು ಕೂಗಿದ ಸದ್ದಿಗೆ ನಾವಿಬ್ಬರೂ ಓಡಿದೆವು. ಹುಳುಗಳು ತಲೆಯೆತ್ತಿ ಆಡಿಸುತ್ತಿದ್ದವು, ಹಸಿರು ನೀರು ಕಕ್ಕುತ್ತಿದ್ದವು, ಸೊಪ್ಪು ಹಾಕಿದ್ದು ಹಾಕಿದ ಹಾಗೇ ಇತ್ತು. ನನಗೆ ನೋಡಿದ ಕೂಡಲೇ ಗೊತ್ತಾಯಿತು. ಸೊಪ್ಪಿನ ಕೋಣೆಗೆ ಹೋದೆ, ಕಿಟಕಿಯಲ್ಲಿ ಸ್ಟ್ಯಾಂಡೂ ಇಲ್ಲ, ಬತ್ತಿಯೂ ಇಲ್ಲ. ಬೆಕ್ಕು ಬೀಳಿಸಿತೋ ಎಂದು ಹೊರಗೆಲ್ಲ ಹುಡುಕಿದೆ, ಸಿಗಲಿಲ್ಲ. ಅಷ್ಟರಲ್ಲಿ ಒಳಗೆ ನಿಮ್ಮ ಮಗನ ದನಿ ಏರಿತ್ತು. "ಎಷ್ಟ್ ಸಲ ಹೇಳಿವ್ನಿ ಅವ್ವ, ಆ ಹೊಗೆಸೊಪ್ಪಿನ್ ಕೈಲಿ ಸೊಪ್ಪ ಮುಟ್ಬ್ಯಾಡ ಅಂತ." ನೀವು ಒಳಗೆ ಕಾಲಿಡುವ ಮೊದಲು ಬಾಯಿ ಮುಕ್ಕಳಿಸಿ, ಬೂದಿ ಹಾಕಿ ಮೊಣಕೈವರೆಗೆ ಉಜ್ಜಿ ತೊಳೆಯುವುದನ್ನು ಹನ್ನೊಂದು ವರ್ಷದಿಂದ ನೋಡಿದವಳು ನಾನು. ಆಗ ಬಾಯಿ ಬಿಡಬೇಕಿತ್ತು. ನೀವು ನನ್ನನ್ನು ಒಂದು ಸಲ ನೋಡಿದಿರಿ. ಆಮೇಲೆ ಮಗನ ಕಡೆ ತಿರುಗಿ, "ನನ್ ಕೈಯೇ ಇರ್ಬೋದು ಬುಡ್ಲಾ ಅಶ್ವಥ" ಅಂದಿರಿ. ಎರಡು ದಿನ ಬಿಟ್ಟು ಬಟ್ಟೆ ಗಂಟು ಕಟ್ಟಿಕೊಂಡು ಬಸ್ಸು ಹತ್ತಿದಿರಿ. ನಾನು ಬಸ್ ಸ್ಟಾಪಿನವರೆಗೆ ಬಂದು ಗಂಟು ಎತ್ತಿಕೊಟ್ಟೆ. ಅಲ್ಲೂ ಹೇಳಲಿಲ್ಲ.

ಆವತ್ತಿನಿಂದ ಬರೆಯಲು ಕೂತರೆ ಯಾವ ಸಾಲು ಶುರು ಮಾಡಿದರೂ ಆ ಕಿಟಕಿಗೇ ಹೋಗಿ ನಿಲ್ಲುತ್ತದೆ. ಸೊಪ್ಪಿನ ವಿಷಯ ಬರೆಯೋಣವೆಂದರೆ ಸೊಪ್ಪಿನ ಕೋಣೆ, ಶುಚಿಯ ವಿಷಯ ಬರೆಯೋಣವೆಂದರೆ ನೀವು ಕೈ ತೊಳೆಯುವ ತೊಟ್ಟಿ. ಮೊದಲು ನನಗೆ ಬರೆಯಲು ಬರುವುದಿಲ್ಲ ಅಂದುಕೊಂಡಿದ್ದೆ, ಆಮೇಲೆ ಪುರುಸೊತ್ತಿಲ್ಲ ಅಂದುಕೊಂಡೆ. ಎರಡೂ ಸುಳ್ಳು. ಬರೆಯಬೇಕಾದದ್ದು ಇದೊಂದೇ ಇತ್ತು, ಅದನ್ನು ಬಿಟ್ಟು ಬೇರೆಯದಕ್ಕೆ ಹುಡುಕುತ್ತಿದ್ದೆ. ಶುಕ್ರವಾರ ಮೇಡಂ ಫೋನೇ ಮಾಡಿದರು. "ಊರಿಗೆಲ್ಲ ಬರೆಯೋಕೆ ಹೋಗ್ಬೇಡಿ. ಯಾರಾದರೂ ಒಬ್ಬರನ್ನ ನೆನೆಸಿಕೊಂಡು ಅವರಿಗೆ ಹೇಳೋ ಹಾಗೆ ಬರೀರಿ" ಅಂದರು. ನೆನಪಿಗೆ ಬಂದವರು ನೀವು. ಎರಡು ದಿನ ತಪ್ಪಿಸಿಕೊಂಡು ತಿರುಗಿ ಇವತ್ತು ಸಿಕ್ಕಿಬಿದ್ದಿದ್ದೇನೆ. ನಾಲ್ಕು ತಿಂಗಳಿಂದ ಒಂದು ಸಾಲು ಬಾರದ ಕೈ ಇವತ್ತು ಹಾಳೆ ಮೇಲೆ ಹಾಳೆ ತಿರುಗಿಸುತ್ತಿದೆ.

ನಿಮ್ಮ ಮಗನಿಗೆ ಇನ್ನೂ ಹೇಳಿಲ್ಲ. ಈ ಕಾಗದ ಕಳಿಸಿದ ಮೇಲೆ ಹೇಳುತ್ತೇನೆ. ಮುಕ್ತಿಯಾರ್ ನಾಳೆ ಕುದೂರಿನ ಕಡೆ ಹುಳು ಕೊಡಲು ಹೋಗುತ್ತಾನಂತೆ, ಅವನ ಕೈಯಲ್ಲಿ ಕಳಿಸುತ್ತೇನೆ. ಜೊತೆಗೆ ಅಡುಗೆಮನೆಯ ಮೊಳೆಯಲ್ಲಿ ನೀವು ಬಿಟ್ಟುಹೋದ ಎಲೆಅಡಿಕೆ ಚೀಲವನ್ನೂ ಕಳಿಸುತ್ತಿದ್ದೇನೆ. ಹೊಗೆಸೊಪ್ಪು ಬಿಡುವುದಾದರೆ ನಿಮ್ಮ ಆರೋಗ್ಯಕ್ಕೆ ಬಿಡಿ, ನಾನು ಮಾಡಿದ ತಪ್ಪಿಗೆ ಬಿಡಬೇಡಿ. ಎಲೆಅಡಿಕೆಯನ್ನಂತೂ ಹಾಕಿಕೊಳ್ಳಿ. ನನ್ನನ್ನು ಬೈಯಬೇಕೆನ್ನಿಸಿದರೆ ಸ್ಪೀಕರಿನಲ್ಲೇ ಬೈಯಿರಿ, ಮನೆಮಂದಿಯೆಲ್ಲ ಕೇಳಲಿ.

ರಮ್ಯಾಗೆ, ಮಕ್ಕಳಿಗೆ ನನ್ನ ನೆನಪು ತಿಳಿಸಿ. ಮಂಡಿಗೆ ಎಣ್ಣೆ ಮರೆಯಬೇಡಿ. ನಿಮ್ಮ ಕಾಲಿಗೆ ಬಿದ್ದೆನೆಂದು ತಿಳಿಯಿರಿ.

ನಿಮ್ಮ ಸೊಸೆ,
ಭಾನುಪ್ರಿಯ

ತಾ.ಕ.: ಚೀಲ ಬರೀ ಕಳಿಸಬಾರದೆಂದು ಎಳೆ ಎಲೆ ತುಂಬಲು ದಾರ ಬಿಚ್ಚಿದೆ. ಹಳೆಯ ಎಲೆ ಒಣಗಿ ಪುಡಿಯಾಗಿತ್ತು. ಅದರ ಕೆಳಗೆ ಪೇಪರಿನಲ್ಲಿ ಸುತ್ತಿಟ್ಟ ತಗಡಿನ ಸ್ಟ್ಯಾಂಡು, ಉರಿದು ಉಳಿದ ಬತ್ತಿಯ ತುಂಡು. ಅವತ್ತು ಬೆಳಿಗ್ಗೆ ಎಲ್ಲರಿಗಿಂತ ಮೊದಲು ಒಳಗೆ ಹೋದವರು ನೀವು. ನಿಮಗೆ ಗೊತ್ತಿತ್ತು ಅತ್ತೆ. ಗೊತ್ತಿದ್ದೇ ನನ್ನ ಮುಖ ನೋಡಿ ನಿಮ್ಮ ಕೈ ಮೇಲೆ ಹಾಕಿಕೊಂಡಿರಿ. ಎರಡನ್ನೂ ನಿಮ್ಮ ಮಗನ ಮುಂದೆ ಇಟ್ಟು ಎಲ್ಲ ಹೇಳಿದೆ. ಬೈಯಲಿಲ್ಲ. ಸ್ಟ್ಯಾಂಡನ್ನು ತಿರುಗಿಸಿ ತಿರುಗಿಸಿ ನೋಡಿ, "ಅವ್ವುನ್ಗೆ ಎಂಗಮ್ಮಿ ಮುಖ ತೋರ್ಸದು" ಎಂದು ಅತ್ತರು. ಮುಕ್ತಿಯಾರ್ ಬೇಡ, ನಾಳೆ ಮೊದಲ ಬಸ್ಸಿಗೆ ಅವರೇ ಈ ಕಾಗದ ಹಿಡಿದು ಬರುತ್ತಾರೆ. ನೀವು ಓದಿ ಮುಗಿಸುವವರೆಗೆ ಆ ಎತ್ತರದ ಮೆಟ್ಟಿಲ ಮೇಲೇ ಕೂತಿರಲಿ. ಬ್ಲಾಗಿಗೆ ಮೊದಲ ಬರಹ ಹಾಕಿಯಾಯಿತು, ಹಸು ಕರೆಯುವಷ್ಟು ಹೊತ್ತೂ ಹಿಡಿಯಲಿಲ್ಲ. ಅದರಲ್ಲಿ ನಿಮ್ಮ ಹೆಸರಿಲ್ಲ, ನನ್ನದಿದೆ. "ನಮ್ಮ ಮನೆಯ ಹುಳು ಸತ್ತದ್ದು ನನ್ನ ಅತ್ತೆಯ ಕೈಯಿಂದಲ್ಲ, ನಾನು ಹಚ್ಚಿದ ಸೊಳ್ಳೆಬತ್ತಿಯಿಂದ" ಎಂದು ಶುರುವಾಗುತ್ತದೆ. ನಾಳೆಯೇ ಅವರ ಜೊತೆ ಹೊರಟು ಬನ್ನಿ. ಮಂಗಳವಾರ ಎಳೆ ಸೊಪ್ಪು ಕೊಯ್ದು ಒದ್ದೆ ಬಟ್ಟೆಯಲ್ಲಿ ಸುತ್ತಿ ಇಟ್ಟಿರುತ್ತೇನೆ. ಮೊದಲ ಹಿಡಿ ನೀವು ಹಾಕುವವರೆಗೆ ನಾನು ಅದನ್ನು ಮುಟ್ಟುವುದಿಲ್ಲ.