ಹಕ್ಕಿ ನೋಡುವ ಕಡೆ

ಬಂದರ್, ಮಂಗಳೂರು
6 ಏಪ್ರಿಲ್ 2025

ಪ್ರೀತಿಯ ಝಹ್ರಾಳ ಉಪ್ಪಾ,

ಅಸ್ಸಲಾಮು ಅಲೈಕುಂ. ಇಲ್ಲಿ ಎಲ್ಲರೂ ಸೌಖ್ಯ. ಬರೆಯುತ್ತೇನೆಂದು ಹೇಳಿ ಇಷ್ಟು ತಡ ಮಾಡಿದೆ, ಬಯ್ಯಬೇಡಿ. ಫೋನಿನಲ್ಲಿ ನೀವು ಮೊದಲು ನಿಮ್ಮ ಉಮ್ಮನ ಹತ್ತಿರ, ಆಮೇಲೆ ಮಗಳ ಹತ್ತಿರ ಮಾತಾಡಿ, ನನ್ನ ಸರದಿ ಬರುವಷ್ಟರಲ್ಲಿ "ಡ್ಯೂಟಿಗೆ ಹೊತ್ತಾಯ್ತು ಮಾರಾಯ್ತಿ" ಅನ್ನುತ್ತೀರಿ. ನಿಮ್ಮ ಕಂಪನಿಯ ಅಹ್ಮದ್ ಬಾವ ರಜೆ ಮುಗಿಸಿ ನಾಳೆ ಸೌದಿಯ ಜುಬೈಲಿಗೆ ಹೊರಡುತ್ತಾರೆ. ಅವರ ಕೈಯಲ್ಲಿ ಉಮ್ಮ ಉಪ್ಪಿನಕಾಯಿ ಕಳಿಸುತ್ತಿದ್ದಾರೆ, ನಾನು ಈ ಕಾಗದ.

ಗೋದಾಮಿನ ಹಿಂದಿನ ಮರದಲ್ಲಿ ಆ ಬಿಳಿ ತಲೆಯ ಗಿಡುಗಗಳು ಈ ಸಲವೂ ಗೂಡು ಕಟ್ಟಿವೆ. ನೀವು ಬಿಟ್ಟು ಹೋದ ಕ್ಯಾಮೆರಾ ಹಿಡಿದು ಬೆಳಿಗ್ಗೆ ತಾರಸಿ ಹತ್ತುತ್ತೇನೆ. ಗಂಡು ದೋಣಿಗಳು ನಿಲ್ಲುವ ಧಕ್ಕೆಯಿಂದ ಮೀನು ತರುತ್ತದೆ. ಹೆಣ್ಣು ಗೂಡಿನ ಅಂಚಿನಲ್ಲಿ ಕೂತು ಹೊಳೆಯ ಕಡೆಗೇ ನೋಡುತ್ತಿರುತ್ತದೆ. ಮೊದಲೆಲ್ಲ ಹಕ್ಕಿಯನ್ನು ಸರಿ ನಡುವೆ ಇಟ್ಟು ತೆಗೆಯುತ್ತಿದ್ದೆ. "ಇದೆಂತ, ಪಾಸ್‌ಪೋರ್ಟ್ ಫೋಟೋವಾ? ಅದು ನೋಡುವ ಕಡೆ ಜಾಗ ಬಿಡು" ಎಂದು ನಗಾಡಿದಿರಿ. ಈಗ ಕೈ ತಾನಾಗಿ ಜಾಗ ಬಿಡುತ್ತದೆ. ಮೊನ್ನೆಯ ಚಿತ್ರ ನೋಡಿ "ಹೊಳೆ ಜಾಸ್ತಿ ಆಯ್ತು, ಕತ್ತರಿಸು" ಎಂದಿರಲ್ಲ, ಕತ್ತರಿಸುವುದಿಲ್ಲ. ಅವಳು ಅಷ್ಟು ದೂರ ನೋಡುತ್ತಿದ್ದಳು, ಕಣ್ಣಾರೆ ಕಂಡವಳು ನಾನು.

ಈ ಅಭ್ಯಾಸದಿಂದ ಪೆರ್ನಾಲ್ ಹಬ್ಬದ ದಿನ ಒಂದು ಫಜೀತಿಯಾಯಿತು. ನಿಮಗೆ ಕಳಿಸಲೆಂದು ಉಮ್ಮನನ್ನೂ ಝಹ್ರಾಳನ್ನೂ ಸೋಫಾದ ಮೇಲೆ ಕೂರಿಸಿದ್ದೆ. ಹೊರಗೆ ಕಾರು ನಿಂತ ಸದ್ದಾಗಿ ಇಬ್ಬರೂ ಬಾಗಿಲ ಕಡೆ ತಿರುಗಿದರು, ನಾನು ಕ್ಲಿಕ್ ಮಾಡಿದೆ. ಉಮ್ಮ ಫೋಟೋ ನೋಡಿ, "ಎಂತ ರೈಹಾನಾ, ಈ ಬದಿ ಅರ್ಧ ಖಾಲಿ ಉಂಟಲ್ಲ! ಅಲ್ಲಿ ಯಾರು ನಿಲ್ಲುವುದು?" ಎಂದರು. ಕೇಳಿದ ಮೇಲೆ ಅವರ ಮುಖವೇ ಬಾಡಿತು. "ಬಿರಿಯಾನಿ ತಳ ಹಿಡೀತದೆ" ಎಂದು ಎದ್ದು ಹೋದರು. ಬಿರಿಯಾನಿ ಇಳಿಸಿ ಎಷ್ಟೋ ಹೊತ್ತಾಗಿತ್ತು. ಝಹ್ರಾ ಮಾತ್ರ, "ಉಪ್ಪ ನಿಲ್ಲುದು, ಮತ್ತೆ ಯಾರು?" ಅಂದಳು.

ನಿಮ್ಮ ನೆನಪು ತುಂಬಾ ಆಗುತ್ತದೆ. ಫೋಟೋ ಕಳಿಸಿದರೆ ಬೆಳಕು, ನೆರಳು, ಕೊಂಬೆ ಅಂತ ಉದ್ದುದ್ದದ ವಾಯ್ಸ್ ಮೆಸೇಜ್ ಹಾಕುತ್ತೀರಿ. ಆ ಸ್ವರ ಕೇಳಲಿಕ್ಕೇ ನಾನು ದಿನಾ ಫೋಟೋ ತೆಗೆಯುವುದು. ಹೇಳಿಬಿಟ್ಟೆ ನೋಡಿ! ಮರಿಗಳು ಹಾರುವ ಮೊದಲು ಬನ್ನಿ ಎಂದು ಕೇಳಿದ್ದೆ. ಕಂಪನಿ ರಜೆ ಕೊಡಲಿಲ್ಲ ಎಂದಿರಿ.

ಬಿಸಿಲಿಗೆ ಹೋಗುವಾಗ ತಲೆಗೆ ಬಟ್ಟೆ ಕಟ್ಟಿಕೊಳ್ಳಿ. ಅಲ್ಲಾಹು ನಿಮಗೆ ಆರೋಗ್ಯ, ಬರಕತ್ ಕೊಡಲಿ.

ನಿಮ್ಮ
ರೈಹಾನಾ

ತಾ.ಕ.: ಹಬ್ಬದ ಮರುದಿನ ಅಹ್ಮದ್ ಬಾವ ನಮ್ಮಲ್ಲಿಗೆ ಬಂದಿದ್ದರು. ಪಾಪ, ನೀವು ನನಗೆ ಹೇಳಿದ್ದು ಅವರಿಗೆ ಗೊತ್ತಿರಲಿಲ್ಲ. "ನಿಮ್ಮ ಬಾಸಿತ್‌ಗೂ ರಜೆ ಪಾಸ್ ಆಗಿತ್ತಲ್ಲ, ಅವನೇ ಬೇಡ ಅಂದ" ಎಂದರು. ಉಮ್ಮ ಒಳಗಿದ್ದರು, ಕೇಳಿಸಲಿಲ್ಲ. ನಾನೂ ಹೇಳಿಲ್ಲ. ಫೋನಿನಲ್ಲಿ ಕೇಳಲು ಧೈರ್ಯ ಬರಲಿಲ್ಲ, ಅದಕ್ಕೇ ಈ ಕಾಗದ. ನಿಮಗೆ ನಮ್ಮನ್ನು ನೋಡಬೇಕೆಂದು ಆಗುವುದಿಲ್ಲವಾ?